ಕಿರಿಯರ ಮ್ಯಾಚ್‌ನಲ್ಲಿ ಗೆಲ್ಲೋದು ಯಾರು?

ಪ್ರಶ್ನೆ: ಅಂಡರ್-17 ಫುಟ್‌ಬಾಲ್ ಮ್ಯಾಚ್ ಇದ್ದಾಗೆಲ್ಲ ನನ್ನ ತಮ್ಮ ಹಳೇ ಸ್ಕೋರ್‌ಗಳನ್ನು ತೆಗೆದು, ಇವರೇ ಗೆಲ್ಲೋದು ಅಂತ ಕಡ್ಡಿ ಮುರಿದ ಹಾಗೆ ಹೇಳುತ್ತಾನೆ. ಎಷ್ಟೋ ಸಲ ಉಲ್ಟಾ ಆಗುತ್ತದೆ. ಈ ಲೆಕ್ಕ ಯಾಕೆ ಕೈಕೊಡುತ್ತದೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಮ್ಮ ತಮ್ಮ ಜರ್ಸಿ ನೋಡಿ ಲೆಕ್ಕ ಹಾಕುತ್ತಿದ್ದಾರೆ. ಒಳಗಿರುವ ಹುಡುಗರು ಎರಡು ವರ್ಷಕ್ಕೆಲ್ಲ ಬದಲಾಗಿಬಿಡುತ್ತಾರೆ ಅಲ್ವಾ? ನೈಜೀರಿಯಾ 2013 ಮತ್ತು 2015ರಲ್ಲಿ ಸಾಲಾಗಿ ಅಂಡರ್-17 ವಿಶ್ವಕಪ್ ಗೆದ್ದಿತು. 2017ರಲ್ಲಿ ನಮ್ಮ ದೇಶದಲ್ಲಿ ನಡೆದ ವಿಶ್ವಕಪ್‌ಗೆ ಅದು ಅರ್ಹತೆಯನ್ನೇ ಪಡೆಯಲಿಲ್ಲ!

ಸರಿ, ಹುಡುಗರು ಹೆಚ್ಚು ಕಮ್ಮಿ ಅವರೇ ಇದ್ದರೆ? ಆಗಲೂ ಕಷ್ಟ. 2017ರ ಮೇ ತಿಂಗಳಲ್ಲಿ ಕ್ರೊಯೇಷಿಯಾದಲ್ಲಿ ಯೂರೋ ಅಂಡರ್-17 ಫೈನಲ್. ಇಂಗ್ಲೆಂಡ್ 2-1ರಿಂದ ಮುಂದಿತ್ತು, ಇನ್ನೇನು ಕಪ್ ಕೈಗೆ ಬಂತು ಅನ್ನುವಾಗ ಇಂಜುರಿ ಟೈಮ್‌ನಲ್ಲಿ ಸ್ಪೇನ್ ಸಮ ಮಾಡಿ ಪೆನಾಲ್ಟಿಯಲ್ಲಿ ಗೆದ್ದಿತು. ಅಕ್ಟೋಬರ್ 28ಕ್ಕೆ ಕೋಲ್ಕತ್ತಾದ ಸಾಲ್ಟ್ ಲೇಕ್ ಮೈದಾನದಲ್ಲಿ ವಿಶ್ವಕಪ್ ಫೈನಲ್, ಮತ್ತೆ ಅದೇ ಎರಡು ತಂಡ. 31ನೇ ನಿಮಿಷಕ್ಕೆ ಸ್ಪೇನ್‌ನ ಸೆರ್ಜಿಯೊ ಗೋಮೆಜ್ ಎರಡನೇ ಗೋಲು ಹೊಡೆದಾಗ ನಿಮ್ಮ ತಮ್ಮ ಟಿವಿ ಆಫ್ ಮಾಡಿರುತ್ತಿದ್ದರೇನೋ. ಅರ್ಧ ಸಮಯಕ್ಕೆ ಮುಂಚೆ ಇಂಗ್ಲೆಂಡ್‌ನ ಬ್ರೂಸ್ಟರ್ ಒಂದು ಹಾಕಿದ. 58ಕ್ಕೆ ಗಿಬ್ಸ್-ವೈಟ್, 69ಕ್ಕೆ ಫೋಡೆನ್, 84ಕ್ಕೆ ಗ್ಯೂಹಿ, 88ಕ್ಕೆ ಮತ್ತೆ ಫೋಡೆನ್. ಇಂಗ್ಲೆಂಡ್‌ಗೆ 5-2 ಗೆಲುವು!

ಇದರಲ್ಲಿ ಮೊದಲೇ ಕಾಣಬಹುದಾಗಿದ್ದ ಒಂದು ಸಂಗತಿ ಇತ್ತು. ಇಂಗ್ಲೆಂಡ್ ಆಡಿದ ಏಳು ಮ್ಯಾಚ್‌ಗಳಲ್ಲಿ ಆರು ನಡೆದದ್ದು ಕೋಲ್ಕತ್ತಾದಲ್ಲೇ. ಬ್ರೆಜಿಲ್ ವಿರುದ್ಧದ ಸೆಮಿಫೈನಲ್ ಗುವಾಹಟಿಯಲ್ಲಿ ಆಗಬೇಕಿತ್ತು, ಅಲ್ಲಿನ ಮೈದಾನ ಹಾಳಾಗಿದ್ದರಿಂದ ಅದೂ ಇಲ್ಲಿಗೇ ಬಂತು. ಸ್ಪೇನ್ ಹುಡುಗರು ಕೊಚ್ಚಿ, ಗುವಾಹಟಿ, ಮತ್ತೆ ಕೊಚ್ಚಿ, ನವಿ ಮುಂಬೈ ಅಂತ ಸುತ್ತಿ ಫೈನಲ್‌ಗೇ ಮೊದಲ ಸಲ ಆ ಮೈದಾನಕ್ಕೆ ಇಳಿದರು. ಇದೊಂದರಿಂದಲೇ ಇಂಗ್ಲೆಂಡ್ ಗೆದ್ದಿತು ಅಂತ ಹೇಳಲ್ಲ. ಆದರೆ ಹಳೇ ಸ್ಕೋರ್‌ಗಿಂತ ನಾನು ಇಂಥದ್ದನ್ನೇ ಜಾಸ್ತಿ ನಂಬುತ್ತೇನೆ.

ಇನ್ನೊಂದು, ತಂಡದ ಪಟ್ಟಿಯನ್ನು ಮ್ಯಾಚ್ ದಿನವೇ ನೋಡಬೇಕು. ಕಿರಿಯರ ಟೂರ್ನಿಗೆ ಆಟಗಾರರನ್ನು ಬಿಡಲೇಬೇಕು ಅಂತ ಕ್ಲಬ್‌ಗಳಿಗೆ ಕಟ್ಟುಪಾಡಿಲ್ಲ. ಅದೇ ವಿಶ್ವಕಪ್‌ನಲ್ಲಿ ಇಂಗ್ಲೆಂಡ್‌ನ ಸ್ಯಾಂಚೊನನ್ನು ಗುಂಪಿನ ಮ್ಯಾಚ್‌ಗಳು ಮುಗಿದ ಕೂಡಲೇ ಅವನ ಜರ್ಮನ್ ಕ್ಲಬ್ ಡಾರ್ಟ್‌ಮಂಡ್ ವಾಪಸ್ ಕರೆಸಿಕೊಂಡಿತು. ನಾಕೌಟ್‌ನಲ್ಲಿ ಎಕ್ಸ್‌ಟ್ರಾ ಟೈಮ್ ಕೂಡ ಇರಲಿಲ್ಲ, ಸಮ ಆದರೆ ಸೀದಾ ಪೆನಾಲ್ಟಿ. ಜಪಾನ್ ಎದುರು 0-0 ಆಗಿ ಇಂಗ್ಲೆಂಡ್ ಪೆನಾಲ್ಟಿಯಲ್ಲೇ ಪಾರಾಯಿತು. ಅವತ್ತು ಒದೆತ ಹೆಚ್ಚು ಕಮ್ಮಿ ಆಗಿದ್ದರೆ ಆ ಫೈನಲ್ಲೇ ಇಲ್ಲ.

ಪ್ರಶ್ನೆ: ಭಾರತದ ಹುಡುಗರು ಅರ್ಜೆಂಟೀನಾವನ್ನು ಸೋಲಿಸಿದ್ದು ನಿಜವೇ, ಇಲ್ಲ ವಾಟ್ಸಾಪ್ ಕಥೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಜ. 2018ರ ಆಗಸ್ಟ್, ಸ್ಪೇನ್‌ನಲ್ಲಿ ನಡೆಯುವ ಕೋಟಿಫ್ ಕಪ್, ಅಂಡರ್-20. ನಾಲ್ಕನೇ ನಿಮಿಷದಲ್ಲಿ ದೀಪಕ್ ಟಾಂಗ್ರಿ ಗೋಲು, 68ರಲ್ಲಿ ಅನ್ವರ್ ಅಲಿಯ ಫ್ರೀ ಕಿಕ್, ಕೊನೆಗೆ 2-1. ಅದೂ ದ್ವಿತೀಯಾರ್ಧದಲ್ಲಿ ರೆಡ್ ಕಾರ್ಡ್ ಬಿದ್ದು ನಮ್ಮವರು ಹತ್ತೇ ಜನ ಉಳಿದಿದ್ದಾಗ. ಎದುರು ತಂಡದ ಕೋಚ್ ಯಾರು ಗೊತ್ತಾ? ಸ್ಕಲೋನಿ, 2022ರಲ್ಲಿ ಮೆಸ್ಸಿ ತಂಡಕ್ಕೆ ವಿಶ್ವಕಪ್ ಗೆದ್ದುಕೊಟ್ಟವರು. ಅದೇ ಟೂರ್ನಿಯಲ್ಲಿ ಇದೇ ನಮ್ಮ ಹುಡುಗರು ಮಾರಿಟೇನಿಯಾ ಎದುರು 0-3 ಸೋತಿದ್ದರು. ಕಪ್ ಹೊತ್ತುಕೊಂಡು ಹೋದದ್ದೂ ಅರ್ಜೆಂಟೀನಾನೇ. ಈಗ ನೀವೇ ಲೆಕ್ಕ ಹಾಕಿ.

ಪ್ರಶ್ನೆ: ಇಂಥ ಮ್ಯಾಚ್‌ಗಳ ಮೇಲೆ ಆ್ಯಪ್‌ನಲ್ಲಿ ದುಡ್ಡು ಹಾಕಬಹುದೇ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಬೇಡ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರಲ್ಲಿ ಸಂಸತ್ತು ಕಾನೂನು ತಂದು ನಿಷೇಧಿಸಿದೆ. ಕಾನೂನು ಇಲ್ಲದಿದ್ದರೂ ಹದಿನಾರರ ಹುಡುಗನೊಬ್ಬ ಪೆನಾಲ್ಟಿ ಒದೆಯುವಾಗ ಅವನ ಮೇಲೆ ದುಡ್ಡು ಕಟ್ಟೋದು ನನಗಂತೂ ಹಿಡಿಸಲ್ಲ. ಅಷ್ಟು ಆಸೆ ಇದ್ದರೆ ಸುಮ್ನೆ ಗೆಳೆಯರ ಜೊತೆ ಮಸಾಲೆ ದೋಸೆಗೆ ಪಂದ್ಯ ಕಟ್ಟಿ.