ಗರ್ನಿಯ ತಲೆ ಕೆಡಿಸಿದ್ದು ಯುದ್ಧವೇ?

ಪ್ರಶ್ನೆ: ಮೊದಲ ಮಹಾಯುದ್ಧದಲ್ಲಿ ಹೋರಾಡಿದ ಇಂಗ್ಲಿಷ್ ಸಂಗೀತ ರಚನಕಾರ ಐವರ್ ಗರ್ನಿಗೆ ಹುಚ್ಚು ಹಿಡಿದದ್ದು ಯುದ್ಧದ ಮಾನಸಿಕ ಆಘಾತದಿಂದ, ಅಂದರೆ ಶೆಲ್ ಶಾಕ್‌ನಿಂದ ತಾನೇ?

ಉತ್ತರ: ಮತ್ತೆ ಅದೇ ಪ್ರಶ್ನೆ! ತಾರೀಖುಗಳನ್ನು ಒಂದರ ಕೆಳಗೊಂದು ಬರೆದು ನೋಡಿದ್ದರೆ ಕೇಳುವ ಪ್ರಮೇಯವೇ ಬರುತ್ತಿರಲಿಲ್ಲ. ಗರ್ನಿ ಮೊದಲು ಕುಸಿದದ್ದು 1913ರಲ್ಲಿ, ಲಂಡನ್ನಿನಲ್ಲಿ ಸಂಗೀತ ಕಲಿಯುತ್ತಿದ್ದಾಗ. ಸೈನ್ಯ ಸೇರಿದ್ದು 1915ರಲ್ಲಿ. ಹೊತ್ತುಹೊತ್ತಿಗೆ ಕವಾಯತು, ಸುತ್ತ ಜೊತೆಗಾರರು. ಆ ಕಟ್ಟುಪಾಡಿನಲ್ಲಿ ಮೊದಮೊದಲು ಸುಧಾರಿಸಿದ್ದನೇ ಹೊರತು ಕೆಟ್ಟಿರಲಿಲ್ಲ. ‘ಬೈ ಎ ಬಿಯರ್‌ಸೈಡ್’ ಹಾಡನ್ನು 1916ರಲ್ಲಿ ಕಂದಕದಲ್ಲೇ ಬರೆದ. 1917ರ ಏಪ್ರಿಲ್‌ನಲ್ಲಿ ತೋಳಿಗೆ ಗುಂಡು, ಸೆಪ್ಟೆಂಬರ್‌ನಲ್ಲಿ ವಿಷಾನಿಲ. ಮರುವರ್ಷ ಆತ್ಮಹತ್ಯೆಯ ಮಾತು. 1922ರಿಂದ, 1937ರಲ್ಲಿ ಸಾಯುವ ತನಕ, ಮಾನಸಿಕ ಆಸ್ಪತ್ರೆ. ಪಿಂಚಣಿ ಮಂಜೂರಾದದ್ದು ಕಾಯಿಲೆ ಸೇವೆಯಿಂದ ಉಲ್ಬಣಿಸಿದೆ, ಸೇವೆಯಿಂದ ಹುಟ್ಟಿಲ್ಲ ಎಂಬ ಷರಾದೊಂದಿಗೆ. ವಾರಕ್ಕೆ 12 ಶಿಲಿಂಗ್. ಖಜಾನೆ ಉಳಿಸುವ ಜಾಣತನ ಅನ್ನಿ, ಆದರೂ ಮಾತು ಸತ್ಯಕ್ಕೆ ದೂರವಿಲ್ಲ.

ಯಾವ ರಚನಕಾರನ ಬಗ್ಗೆಯೇ ಆಗಲಿ, ಮೂರು ಅಂಕಣ ಹಾಕಿ: ಸೇವೆಗೆ ಮುಂಚೆ, ಸೇವೆಯಲ್ಲಿ, ಆಮೇಲೆ. ನಿದ್ದೆ, ಊಟ, ಕುಡಿತ, ಬರೆದ ಕೃತಿಗಳನ್ನು ಪತ್ರಗಳ ಆಧಾರದಲ್ಲಿ ತುಂಬಿ. ಮೊದಲ ಅಂಕಣ ಖಾಲಿ ಬಿಟ್ಟವರೇ ಎಡವುವುದು. ಸ್ವರಲಿಪಿ ನೋಡಿ ರೋಗ ಹೇಳುವವರನ್ನಂತೂ ನಂಬಲೇಬೇಡಿ. ಕರ್ಕಶವಾದದ್ದೆಲ್ಲ ಆಘಾತವಾದರೆ, ಯುದ್ಧಕ್ಕೆ ಹೋಗದ ರಷ್ಯನ್ ರಚನಕಾರ ಸ್ಟ್ರಾವಿನ್‌ಸ್ಕಿ 1913ರಲ್ಲೇ ಮುಗಿಸಿದ ಕರ್ಕಶ ‘ರೈಟ್ ಆಫ್ ಸ್ಪ್ರಿಂಗ್’ಗೆ ಏನೆನ್ನುತ್ತೀರಿ? ಇನ್ನೊಬ್ಬ ಇಂಗ್ಲಿಷ್ ರಚನಕಾರ ಆರ್ಥರ್ ಬ್ಲಿಸ್‌ನನ್ನು ನೋಡಿ. 1916ರಲ್ಲಿ ಫ್ರಾನ್ಸಿನ ಸೋಮ್ ಕದನದಲ್ಲಿ ಗಾಯ, ಅದೇ ವರ್ಷ ತಮ್ಮನ ಸಾವು, 1918ರಲ್ಲಿ ವಿಷಾನಿಲ. ಅಷ್ಟಾಗಿಯೂ 1920ರ ಆಸುಪಾಸಿನ ಅವನ ಸಂಗೀತ ತುಂಟತನದ್ದು. ರಾತ್ರಿ ಮಾತ್ರ ಹತ್ತು ವರ್ಷ ಕಳೆದರೂ ಒಂದೇ ಕನಸು: ಕದನವಿರಾಮವಾಗಿದೆ, ಆದರೆ ಕಂದಕದಲ್ಲಿರುವ ತನ್ನನ್ನೂ ಜೊತೆಗಾರರನ್ನೂ ಎದುರಿನ ಜರ್ಮನ್ನರನ್ನೂ ಎಲ್ಲರೂ ಮರೆತಿದ್ದಾರೆ, ಎರಡೂ ಕಡೆಯವರು ಸಾಯುವವರೆಗೆ ಕಾದಾಡುತ್ತಲೇ ಇರಬೇಕು. ಆಘಾತದ ಗುರುತು ಇದು. ಸ್ವರಲಿಪಿಯಲ್ಲಿ ಇದರ ಸುಳಿವೇ ಇಲ್ಲ. 1930ರ ‘ಮಾರ್ನಿಂಗ್ ಹೀರೋಸ್’ ಕೃತಿಯಲ್ಲಿ ಯುದ್ಧದ ಸಾವುಗಳನ್ನು ನೇರವಾಗಿ ಎದುರಿಸಿದ. ಅದು ಅವನ ದಾರಿ. ಎಲ್ಲರಿಗೂ ಬರೆದುಕೊಡುವ ಔಷಧಿಯಲ್ಲ.

ಪ್ರಶ್ನೆ: ಯುದ್ಧದ ನೋವುಂಡರೆ ಸಂಗೀತ ಶ್ರೇಷ್ಠವಾಗುತ್ತದೆಯೇ?

ಉತ್ತರ: ಇಲ್ಲ. ಫ್ರಾನ್ಸಿನ ವರ್ಡನ್ ರಣರಂಗದ ಬಳಿ ಸೈನ್ಯದ ಲಾರಿ ಓಡಿಸಿದ ಫ್ರೆಂಚ್ ರಚನಕಾರ ರವೆಲ್, 1917ರ ಜನವರಿಯಲ್ಲಿ ತಾಯಿಯನ್ನೂ ಕಳೆದುಕೊಂಡ ಮೇಲೆ, ಬಹಳ ಕಾಲ ಬರೆದದ್ದೇ ಕಡಿಮೆ. ಇಂಗ್ಲಿಷ್ ರಚನಕಾರ ಬಟರ್‌ವರ್ತ್ 1916ರಲ್ಲೇ ಗುಂಡಿಗೆ ಬಲಿಯಾದ.

ಪ್ರಶ್ನೆ: ಯುದ್ಧದ ಆಘಾತಕ್ಕೆ 432 ಹರ್ಟ್ಸ್‌ಗೆ (ಸೆಕೆಂಡಿಗೆ 432 ಕಂಪನ) ಶ್ರುತಿ ಮಾಡಿದ ಸಂಗೀತ ಮದ್ದಂತೆ?

ಉತ್ತರ: ಮಾರುವವನ ಜೇಬಿಗೆ ಮದ್ದು. ಮನೋವೈದ್ಯರ ಬಳಿ ಹೋಗಿ.