ಸಂಪಾದಕರ ಉತ್ತರ: ಒಬ್ಬೊಬ್ಬರಾಗಿ ಕೊಡುವ ಹಣ

ಮಾನ್ಯರೇ,

ಶಿವಮೊಗ್ಗ ಜಿಲ್ಲೆಯಿಂದ ನೀವು ಬರೆದ ಪತ್ರವನ್ನು ಎರಡು ಬಾರಿ ಓದಿದ್ದೇನೆ. ನಿಮ್ಮ ಮಗ 12 ಲಕ್ಷ ರೂಪಾಯಿಯ ಕಾರು ಕೊಂಡಾಗ ಜೀವಿತಾವಧಿ ತೆರಿಗೆಯೆಂದೇ 2 ಲಕ್ಷಕ್ಕೂ ಹೆಚ್ಚು ಕಟ್ಟಿದ್ದು, ಆ ಕಾರು ಮೊದಲ ಮಳೆಗಾಲದಲ್ಲೇ ರಸ್ತೆಯ ಗುಂಡಿಗೆ ಬಿದ್ದು ಗ್ಯಾರೇಜು ಸೇರಿದ್ದು, ವಿಧವೆಯಾದ ನಿಮ್ಮ ತಂಗಿ ಪೌತಿ ಖಾತೆಗಾಗಿ, ಅಂದರೆ ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ತಾಲ್ಲೂಕು ಕಚೇರಿಗೆ ತಿಂಗಳುಗಟ್ಟಲೆ ಅಲೆಯುತ್ತಿರುವುದು, ಇವನ್ನೆಲ್ಲ ವಿವರವಾಗಿ ಬರೆದು ಕೊನೆಗೆ ಒಂದು ಪ್ರಶ್ನೆ ಕೇಳಿದ್ದೀರಿ: ಇಷ್ಟು ತೆರಿಗೆ ಕೊಟ್ಟೂ, ರಾಜಕಾರಣಿಗಳ ಇಷ್ಟೊಂದು ಭ್ರಷ್ಟಾಚಾರವನ್ನು ಕಂಡೂ ನಾವು ಕರ್ನಾಟಕದವರು ಏಕೆ ಸುಮ್ಮನಿದ್ದೇವೆ, ಸಹನೆ ನಮ್ಮ ಗುಣವೋ ರೋಗವೋ ಎಂದು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಿಮ್ಮ ಈ ಪ್ರಶ್ನೆಗೆ ನಾಲ್ಕು ಸಾಲಿನ ಉತ್ತರ ಸಾಲದು.

ಸಹನೆ ನಮ್ಮ ಹುಟ್ಟುಗುಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಸಾಕ್ಷಿ ನಿಮ್ಮ ಜಿಲ್ಲೆಯಲ್ಲೇ ಇದೆ. 1830ರಲ್ಲಿ ನಗರ (ಹಿಂದಿನ ಬಿದನೂರು) ಸೀಮೆಯ ರೈತರು ಊರೂರಿನಲ್ಲಿ ಕೂಟ ಸೇರಿ ಕಂದಾಯ ಕೊಡುವುದಿಲ್ಲವೆಂದು ನಿಂತರು. ಇಂತಿಷ್ಟು ಹಣ ಕೊಟ್ಟೇ ತೀರುತ್ತೇನೆಂದು ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರನಿಂದ ಮುಚ್ಚಳಿಕೆ ಬರೆಸಿಕೊಳ್ಳುವ ಶರತ್ತಿನ ಪದ್ಧತಿ ಆಗ ಇತ್ತು; ಆ ಮೊತ್ತವನ್ನು ಅವನು ಯಾರಿಂದ ಹೇಗೆ ಕಿತ್ತುಕೊಂಡರೂ ಕೇಳುವವರಿರಲಿಲ್ಲ. ರೈತರ ದಂಗೆ ಎಷ್ಟು ಹಬ್ಬಿತೆಂದರೆ ಅದನ್ನೇ ಕಾರಣವಾಗಿ ಮುಂದೊಡ್ಡಿ ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಆಡಳಿತವನ್ನು ಕಿತ್ತುಕೊಂಡರು, ಮತ್ತೆ ಒಡೆಯರ ಮನೆತನಕ್ಕೆ ಅದು ಮರಳಿದ್ದು 1881ರಲ್ಲಿ. ನಮ್ಮ ನಿಮ್ಮ ನೆನಪಿನಲ್ಲೇ ಇರುವ ಇನ್ನೊಂದು ಸಂಗತಿ ನರಗುಂದ ಮತ್ತು ನವಲಗುಂದದ್ದು. ಮಲಪ್ರಭಾ ಅಚ್ಚುಕಟ್ಟಿನ ರೈತರ ಮೇಲೆ ಅಭಿವೃದ್ಧಿ ಕರ, ನೀರಿನ ಕರ ಎಂದು ಹೊರಿಸಿದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದರು. 1980ರ ಜುಲೈ 21ರಂದು ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಅಲ್ಲಿಂದಲೇ ರಾಜ್ಯ ರೈತ ಸಂಘ ಬೆಳೆಯಿತು. ರಾಜ್ಯ ಏಕೀಕರಣವಾದಂದಿನಿಂದ ಪ್ರತಿ ವಿಧಾನಸಭೆ ಚುನಾವಣೆಯನ್ನೂ ಗೆದ್ದಿದ್ದ ಕಾಂಗ್ರೆಸ್ ಪಕ್ಷ 1983ರ ಚುನಾವಣೆಯಲ್ಲಿ ಮೊದಲ ಬಾರಿಗೆ ಸೋತುದರ ಹಿಂದೆ ಆ ಸಿಟ್ಟೂ ಇತ್ತು.

ಈ ಎರಡೂ ಸಂದರ್ಭಗಳಲ್ಲಿ ಕರವೆಂಬುದು ಕಣ್ಣಿಗೆ ಕಾಣುತ್ತಿತ್ತು. ವಸೂಲಿಗೆ ಬಂದವನ ಮುಖ ಗೊತ್ತಿತ್ತು, ಮೊತ್ತ ಗೊತ್ತಿತ್ತು, ಪಕ್ಕದ ಹೊಲದವನೂ ಅಷ್ಟೇ ಕೊಡಬೇಕಾಗಿದೆ ಎಂಬುದು ಗೊತ್ತಿತ್ತು. ಇಂದು ಹಾಗಿಲ್ಲ. 2017ರ ಜುಲೈ 1ರಂದು ಜಿಎಸ್‌ಟಿ ಬಂದ ಮೇಲೆ ರಾಜ್ಯ ಸರ್ಕಾರ ತಾನೇ ದರ ನಿರ್ಧರಿಸಬಹುದಾದ ಬಾಬುಗಳು ಕೆಲವೇ ಉಳಿದಿವೆ: ಪೆಟ್ರೋಲು ಡೀಸೆಲ್, ಮದ್ಯ, ವಾಹನ, ಆಸ್ತಿ ನೋಂದಣಿ. ಆದ್ದರಿಂದ ಯಾವ ಪಕ್ಷದ ಸರ್ಕಾರವಿದ್ದರೂ ಹಣ ಬೇಕಾದಾಗ ಕೈ ಹಾಕುವುದು ಇವಕ್ಕೇ. ಪೆಟ್ರೋಲಿನ ಮೇಲಿನ ಮಾರಾಟ ತೆರಿಗೆ 2024ರ ಜೂನ್‌ನಲ್ಲಿ ಶೇ 25.92ರಿಂದ ಶೇ 29.84ಕ್ಕೆ ಏರಿತು. ಡೀಸೆಲ್ ಮೇಲಿನದು ಅದೇ ದಿನ ಶೇ 14.34ರಿಂದ ಶೇ 18.44ಕ್ಕೆ, 2025ರ ಏಪ್ರಿಲ್‌ನಲ್ಲಿ ಶೇ 21.17ಕ್ಕೆ ಏರಿತು. ಆಸ್ತಿಯ ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2 ಆಯಿತು. ನಿಮ್ಮ ಮಗನ ಕಾರಿಗೆ ಬಿದ್ದದ್ದು 10ರಿಂದ 20 ಲಕ್ಷದವರೆಗಿನ ಕಾರುಗಳಿಗೆ ನಿಗದಿಯಾದ ಶೇ 17ರ ದರ ಮತ್ತು ಅದರ ಮೇಲಿನ ಸೆಸ್. ಇವುಗಳಲ್ಲಿ ಯಾವುದನ್ನೂ ಕೇಳಿಕೊಂಡು ಯಾರೂ ನಮ್ಮ ಮನೆ ಬಾಗಿಲಿಗೆ ಬರುವುದಿಲ್ಲ. ಬಂಕಿನಲ್ಲಿ ನೂರು ರೂಪಾಯಿಯ ಪೆಟ್ರೋಲು ಹಾಕಿಸಿಕೊಳ್ಳುವ ಕೂಲಿಯಾಳಿಗೆ ತಾನು ತೆರಿಗೆದಾರ ಎಂಬ ಅರಿವೇ ಇರದಂತೆ ಈ ಏರ್ಪಾಡು ಆಗಿದೆ. ತೆರಿಗೆ ಎಂದರೆ ಸಂಬಳದವರು ಕಟ್ಟುವ ಇನ್‌ಕಮ್ ಟ್ಯಾಕ್ಸ್ ಎಂದೇ ಅವನು ತಿಳಿದಿದ್ದಾನೆ, ಸಂಬಳದವರೂ ಹಾಗೆಯೇ ತಿಳಿದು ಅವನನ್ನು ಬಿಟ್ಟಿ ಉಣ್ಣುವವನೆಂದು ಹಂಗಿಸುತ್ತಾರೆ. ಈ ತಪ್ಪು ತಿಳಿವಳಿಕೆಯಿಂದ ನಮ್ಮ ಸಮಾಜಕ್ಕೆ ಆಗಿರುವ ಹಾನಿ ದೊಡ್ಡದು, ಏಕೆಂದರೆ ಒಟ್ಟಿಗೆ ನಿಂತು ಲೆಕ್ಕ ಕೇಳಬೇಕಾದ ಇಬ್ಬರನ್ನು ಅದು ಎದುರುಬದುರಾಗಿ ನಿಲ್ಲಿಸಿದೆ.

ಲಂಚದ ವಿಷಯವಂತೂ ಇನ್ನೂ ಒಂಟಿತನದ್ದು. ಇದನ್ನು ನನ್ನ ಅನುಭವದಿಂದಲೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಯವರು ತೀರಿಕೊಂಡ ಮೇಲೆ ನಾನೂ ಪೌತಿ ಖಾತೆಗಾಗಿ ಒಂದು ತಾಲ್ಲೂಕು ಕಚೇರಿಗೆ ಹೋಗಿದ್ದೆ. ಮೂರನೆಯ ಸಲ ಹೋದಾಗ ಕಚೇರಿಯ ಆವರಣದ ಹೊಂಗೆ ಮರದ ಕೆಳಗೆ ನಾವು ಆರೇಳು ಮಂದಿ ಇದ್ದೆವು. ಕಚೇರಿಯ ನೌಕರನಲ್ಲದ, ಆದರೆ ಎಲ್ಲರ ಫೈಲೂ ಎಲ್ಲಿದೆಯೆಂದು ಬಲ್ಲ ಒಬ್ಬ ವ್ಯಕ್ತಿ ಒಳಗಿನಿಂದ ಬಂದು, ನಮ್ಮಲ್ಲಿ ಒಬ್ಬೊಬ್ಬರನ್ನೇ ಹೆಸರು ಹಿಡಿದು ಪಕ್ಕಕ್ಕೆ ಕರೆಯುತ್ತಿದ್ದ. ನನ್ನ ಸರದಿ ಬಂದಾಗ ಅವನು, "ನಿಮ್ಮ ಫೈಲು ಕೂತಿದೆ ಸಾರ್, ಏಳಿಸಬೇಕು" ಎಂದು ಮೆಲ್ಲಗೆ ಹೇಳಿ, ಒಂದು ಮೊತ್ತವನ್ನು ಹೇಳಿದ. ನನಗಿಂತ ಮುಂಚೆ ಹೋಗಿದ್ದ ವೃದ್ಧೆಯೊಬ್ಬರು ಪಹಣಿ, ರೇಷನ್ ಕಾರ್ಡು ಎಲ್ಲವನ್ನೂ ಇಟ್ಟುಕೊಂಡಿದ್ದ ಪ್ಲಾಸ್ಟಿಕ್ ಕವರಿನೊಳಗಿಂದ ಐನೂರರ ಎರಡು ನೋಟು ತೆಗೆದು ಕೊಟ್ಟದ್ದನ್ನು ನಾನು ನೋಡಿದ್ದೆ. ನಾನು ಕೊಟ್ಟದ್ದನ್ನು ನನ್ನ ಹಿಂದಿನವರು ನೋಡಿದರು. ಹೌದು, ನಾನು ಕೊಟ್ಟೆ. ಮತ್ತೆ ಮರದ ಕೆಳಗೆ ಬಂದು ನಿಂತಾಗ ನಾವು ಯಾರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ, ನಿಮಗೆ ಎಷ್ಟು ಹೇಳಿದ ಎಂದು ಕೇಳಲಿಲ್ಲ. ಅವನು ನಮ್ಮೆಲ್ಲರನ್ನೂ ಒಟ್ಟಿಗೆ ನಿಲ್ಲಿಸಿ ಅದೇ ಮಾತನ್ನು ಗಟ್ಟಿಯಾಗಿ ಹೇಳಿದ್ದರೆ ಆ ಆವರಣದಲ್ಲಿ ದೊಡ್ಡ ಗಲಾಟೆಯೇ ಆಗುತ್ತಿತ್ತೆಂದು ನನಗೆ ಇಂದಿಗೂ ಅನ್ನಿಸುತ್ತದೆ.

ಕಾನೂನು ಕೂಡ ಈ ಮೌನವನ್ನು ಗಟ್ಟಿ ಮಾಡಿದೆ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಆದ ತಿದ್ದುಪಡಿಯ ಪ್ರಕಾರ ಲಂಚ ಕೊಟ್ಟವನೂ ಶಿಕ್ಷೆಗೆ ಅರ್ಹ. ಬಲವಂತಕ್ಕೆ ಕೊಟ್ಟವನು ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದರೆ ರಕ್ಷಣೆಯಿದೆ. ಆದರೆ ಹಳ್ಳಿಯ ಹೆಂಗಸೊಬ್ಬಳು ಏಳು ದಿನದೊಳಗೆ ಯಾರ ಬಳಿ ಹೋಗಿ ದೂರು ಕೊಟ್ಟಾಳು, ಕೊಟ್ಟ ಮೇಲೆ ಅದೇ ಕಚೇರಿಯಲ್ಲಿ ಅವಳ ಫೈಲಿನ ಗತಿಯೇನು? ಅದೇ ತಿದ್ದುಪಡಿ ಅಧಿಕಾರಿಗಳ ಮತ್ತು ಮಂತ್ರಿಗಳ ತೀರ್ಮಾನಗಳ ಕುರಿತು ತನಿಖೆ ಆರಂಭಿಸಲು ಪೂರ್ವಾನುಮತಿ ಬೇಕೆಂದೂ ಹೇಳುತ್ತದೆ.

ಮತದಾರರು ಭ್ರಷ್ಟರನ್ನು ಮತ್ತೆ ಮತ್ತೆ ಆರಿಸುತ್ತಾರೆ ಎಂದು ನೀವು ಬರೆದಿರುವುದು ಪೂರ್ತಿ ಸರಿಯಲ್ಲ. 1985ರಲ್ಲಿ ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷ ಮರಳಿ ಗೆದ್ದ ನಂತರ, ಆಳುತ್ತಿದ್ದ ಯಾವ ಪಕ್ಷವನ್ನೂ ಈ ರಾಜ್ಯದ ಜನ ಮುಂದಿನ ಚುನಾವಣೆಯಲ್ಲಿ ಬಹುಮತ ಕೊಟ್ಟು ಅಧಿಕಾರಕ್ಕೆ ತಂದಿಲ್ಲ. ಗಣಿ ಹಗರಣದ ನಂತರದ 2013ರಲ್ಲೂ, ಗುತ್ತಿಗೆದಾರರ ಸಂಘ ಶೇ 40ರ ಕಮಿಷನ್ ಆರೋಪ ಮಾಡಿದ ನಂತರದ 2023ರಲ್ಲೂ ಆಗಿನ ಸರ್ಕಾರ ಸೋತಿತು. ಜನರ ಕೈಯಲ್ಲಿದ್ದ ಒಂದೇ ಆಯುಧವನ್ನು ಜನ ಬಳಸಿದ್ದಾರೆ. ಆದರೆ ಆ ಆಯುಧದಿಂದ ಆದದ್ದೇನು ಎಂಬುದನ್ನು ಲೋಕಾಯುಕ್ತದ ಕಥೆಯಲ್ಲಿ ನೋಡಬಹುದು. ನರಗುಂದದ ಸಿಟ್ಟಿನ ನಂತರ ಬಂದ ಹೆಗಡೆಯವರ ಸರ್ಕಾರವೇ 1984ರಲ್ಲಿ ಲೋಕಾಯುಕ್ತ ಕಾಯ್ದೆ ತಂದಿತು. ಲೋಕಾಯುಕ್ತರಾದ ನ್ಯಾಯಮೂರ್ತಿ ವೆಂಕಟಾಚಲ ಅವರು ಕಚೇರಿಗಳಿಗೆ ಹಠಾತ್ತನೆ ಭೇಟಿ ಕೊಡತೊಡಗಿದಾಗ ಜನರಿಗೆ ಧೈರ್ಯ ಬಂತು. ಅವರ ನಂತರ ಲೋಕಾಯುಕ್ತರಾದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರು 2011ರ ಜುಲೈ 27ರಂದು ಅಕ್ರಮ ಗಣಿಗಾರಿಕೆಯ ವರದಿ ಕೊಟ್ಟ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರು ರಾಜೀನಾಮೆ ಕೊಡಬೇಕಾಯಿತು. ಅವರ ಮೇಲಿನ ಮೊಕದ್ದಮೆ ಮುಂದೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಗಣಿ ಅಕ್ರಮದ ವಿರುದ್ಧ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಮಾಡಿದ ಕಾಂಗ್ರೆಸ್ ಪಕ್ಷ ಅಧಿಕಾರಕ್ಕೆ ಬಂದ ಮೇಲೆ, 2016ರ ಮಾರ್ಚ್‌ನಲ್ಲಿ, ಅದರದೇ ಸರ್ಕಾರ ಭ್ರಷ್ಟಾಚಾರ ನಿಗ್ರಹ ದಳವೆಂಬ ಎಸಿಬಿಯನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಕಿತ್ತುಕೊಂಡಿತು. ನಂತರ ಬಂದ ಇತರ ಪಕ್ಷಗಳ ಸರ್ಕಾರಗಳೂ ಎಸಿಬಿಯನ್ನೇ ಮುಂದುವರಿಸಿದವು. ಕೊನೆಗೆ 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಗೊಳಿಸಬೇಕಾಯಿತು. ಇದನ್ನು ಕಣ್ಣಾರೆ ಕಂಡ ಮತದಾರ ಯಾರು ಬಂದರೂ ಇಷ್ಟೇ ಎಂದರೆ ಅವನನ್ನು ಜಡನೆಂದು ನಾನು ಕರೆಯಲಾರೆ.

ಇನ್ನು ಶಾಸಕರ ವಿಷಯ. ಬೆಳಿಗ್ಗೆ ಏಳಕ್ಕೆ ಯಾವುದೇ ಶಾಸಕರ ಮನೆ ಮುಂದೆ ಹೋಗಿ ನಿಂತು ನೋಡಿ. ಆಸ್ಪತ್ರೆಯಲ್ಲಿ ಬೆಡ್ ಕೊಡಿಸಲು ಪತ್ರ, ಮಗಳ ಮದುವೆಗೆ ಒಂದಿಷ್ಟು ಸಹಾಯ, ಹಾಸ್ಟೆಲಿನಲ್ಲಿ ಸೀಟು, ಠಾಣೆಗೆ ಒಂದು ಫೋನು, ಬಂದವರೆಲ್ಲ ಕೇಳುವುದು ಇಂಥವನ್ನೇ. "ನಮ್ಮ ಎಂಎಲ್‌ಎ ಕೈಗೆ ಸಿಗ್ತಾರೆ" ಎಂಬುದೇ ನಮ್ಮಲ್ಲಿ ಶಾಸಕನಿಗೆ ಸಿಗುವ ದೊಡ್ಡ ಪ್ರಶಂಸೆ. ಹಕ್ಕಿನಿಂದ ದೊರೆಯಬೇಕಾದದ್ದು ಕಚೇರಿಯಲ್ಲಿ ದೊರೆಯದಿದ್ದಾಗ ಅದನ್ನು ಕೃಪೆಯಾಗಿ ಕೊಡಿಸುವವನು ದೇವರಂತೆ ಕಾಣುತ್ತಾನೆ, ಅವನು ಹಣ ಎಲ್ಲಿಂದ ತಂದ ಎಂದು ಕೇಳುವುದು ಕೃತಘ್ನತೆಯಂತೆ ಕಾಣುತ್ತದೆ. ವಿಧಾನಸಭೆಯ ಅಭ್ಯರ್ಥಿಯೊಬ್ಬ ಕಾನೂನಿನ ಪ್ರಕಾರ ಖರ್ಚು ಮಾಡಬಹುದಾದದ್ದು 40 ಲಕ್ಷ ರೂಪಾಯಿ. ಆ ಮಿತಿಯೊಳಗೆ ಚುನಾವಣೆ ನಡೆಯುತ್ತದೆಂದು ನಂಬುವ ಮತದಾರನನ್ನು ನಾನು ಇನ್ನೂ ಕಂಡಿಲ್ಲ.

ಗ್ಯಾರಂಟಿ ಯೋಜನೆಗಳಿಂದಲೇ ತೆರಿಗೆ ಏರಿತು, ಅವುಗಳಿಂದಲೇ ಜನ ಬಾಯಿ ಮುಚ್ಚಿದ್ದಾರೆ ಎಂಬ ನಿಮ್ಮ ಮಾತಿನಲ್ಲಿ ಅರ್ಧ ಮಾತ್ರ ನಿಜ. ಅವುಗಳಿಗೆ ವರ್ಷಕ್ಕೆ 50 ಸಾವಿರ ಕೋಟಿಗೂ ಮೀರಿ ಬೇಕು, ಅದು ಎಲ್ಲಿಂದಲೋ ಬರಲೇಬೇಕು. ಆದರೆ ತಿಂಗಳಿಗೆ 2,000 ರೂಪಾಯಿ ಎಂಬುದು ಮನೆಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಎಷ್ಟು ದೊಡ್ಡದೆಂದು ಅವಳನ್ನೇ ಕೇಳಬೇಕು. ತನ್ನ ಬದುಕಿನಲ್ಲಿ ಯಾವ ದಲ್ಲಾಳಿಯೂ ಇಲ್ಲದೆ ಸರ್ಕಾರದಿಂದ ಅವಳ ಕೈ ಸೇರಿದ ಮೊದಲ ಹಣ ಬಹುಶಃ ಅದೇ.

ಹಾಗಾದರೆ ದಾರಿಯಿಲ್ಲವೇ ಎಂದು ನೀವು ಕೇಳುತ್ತೀರಿ. ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿದ ಭೂಮಿ ಯೋಜನೆಯನ್ನು ನೆನಪಿಸಿಕೊಳ್ಳಿ. ಅದಕ್ಕೆ ಮೊದಲು ಪಹಣಿ ಬೇಕೆಂದರೆ ಗ್ರಾಮ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕಿತ್ತು, ಪುಸ್ತಕ ಅವರ ಬಳಿಯೇ ಇರುತ್ತಿತ್ತು. 2001ರ ಹೊತ್ತಿಗೆ ತಾಲ್ಲೂಕು ಕೇಂದ್ರಗಳಲ್ಲಿ ಕಂಪ್ಯೂಟರ್ ಕಿಟಕಿಗಳು ತೆರೆದು, 15 ರೂಪಾಯಿಗೆ ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಪಹಣಿ ಪಡೆಯುವಂತಾಯಿತು. ದರ ಗೋಡೆಯ ಮೇಲಿತ್ತು, ಮುಂದಿನವನು ಎಷ್ಟು ಕೊಟ್ಟನೆಂದು ಹಿಂದಿನವನು ನೋಡುತ್ತಿದ್ದ. ಪಹಣಿಯ ನಕಲಿಗಾಗಿ ಕೊಡುತ್ತಿದ್ದ ಲಂಚ ಬಹುಮಟ್ಟಿಗೆ ನಿಂತಿತು. ಖಾತೆ, ಪೋಡಿ (ಜಮೀನಿನ ವಿಭಜನೆ), ಸರ್ವೆಗಳಲ್ಲಿ ಅದು ನಿಲ್ಲದಿರುವುದಕ್ಕೆ ಕಾರಣ, ಅಲ್ಲಿ ಇನ್ನೂ ನಮ್ಮನ್ನು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆಯಲು ಸಾಧ್ಯವಿರುವುದು.

ನಿಮ್ಮ ತಂಗಿಯವರ ಅರ್ಜಿಗೆ, ಸರ್ಕಾರಿ ಸೇವೆಗಳಿಗೆ ಅವಧಿ ನಿಗದಿ ಮಾಡುವ ಸಕಾಲ ಕಾಯ್ದೆಯ ಸ್ವೀಕೃತಿ ಸಂಖ್ಯೆ ಕೊಟ್ಟಿದ್ದಾರೆಯೇ ಎಂದು ನಿಮ್ಮ ಪತ್ರದಲ್ಲಿಲ್ಲ. ಕೊಟ್ಟಿರದಿದ್ದರೆ ನಾಳೆಯೇ ಹೋಗಿ ಕೇಳಿ ಪಡೆಯಿರಿ; ಅವಧಿ ಮೀರಿದ್ದರೆ ಮೇಲ್ಮನವಿ ಸಲ್ಲಿಸಿ. ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳುವ ಹಕ್ಕು ಅವರಿಗಿದೆ. ಮೊತ್ತ ಸಣ್ಣದು, ಆದರೆ ಅದು ಯಾರ ತಪ್ಪಿನಿಂದ ತಡವಾಯಿತೆಂಬುದು ದಾಖಲೆಗೆ ಸೇರುತ್ತದೆ. ಅರ್ಜಿಯನ್ನು ತಿರಸ್ಕರಿಸುವುದಾದರೆ ಕಾರಣ ಬರೆದು ಹಿಂಬರಹ ಕೊಡಿ ಎಂದು ಕೇಳಿ, ಬಾಯಿಮಾತಿನ ಉತ್ತರವನ್ನು ಒಪ್ಪಿಕೊಂಡು ಮರಳಬೇಡಿ. ಅಂದು ಆ ಮರದ ಕೆಳಗೆ ನಾನು ಕೇಳದೇ ಹೋದದ್ದು ಇದನ್ನೇ.

ಇನ್ನೊಂದು ಕೋರಿಕೆ, ಇದು ನಿಮಗೆ ಮಾತ್ರವಲ್ಲದೆ ನಮ್ಮ ಎಲ್ಲ ಓದುಗರಿಗೂ. ಖಾತೆಗಾಗಿ ಅರ್ಜಿ ಕೊಟ್ಟ ದಿನಾಂಕ, ಖಾತೆಯಾದ ದಿನಾಂಕ ಮತ್ತು ನಿಮ್ಮ ತಾಲ್ಲೂಕಿನ ಹೆಸರು, ಈ ಮೂರನ್ನು ಮಾತ್ರ ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನಿಮ್ಮ ಹೆಸರಾಗಲಿ ಅಧಿಕಾರಿಯ ಹೆಸರಾಗಲಿ ಬೇಡ. ಬಂದದ್ದನ್ನು ತಾಲ್ಲೂಕುವಾರು ಜೋಡಿಸಿ ಈ ಪುಟದಲ್ಲೇ ಅಚ್ಚು ಮಾಡುತ್ತೇವೆ. ನಿಮ್ಮ ತಂಗಿಯವರ ತಿಂಗಳುಗಳು ಆ ಪಟ್ಟಿಯ ಮೊದಲ ಸಾಲಾಗಲಿ.

ಸಂಪಾದಕ