ಮಳೆ ಹೇಗೆ ಬಂದರೂ ತೋಟ ನಿಲ್ಲಬೇಕು

ಪ್ರಶ್ನೆ: ಹೊಸನಗರ ತಾಲ್ಲೂಕಿನಲ್ಲಿ ನಮ್ಮದು ಎರಡು ಎಕರೆ ಅಡಿಕೆ ತೋಟ, ಒಂದು ಎಕರೆ ಗದ್ದೆ. 2023ರಲ್ಲಿ ಮಳೆಗಾಲದಲ್ಲೇ ತೋಟ ಬಾಡಿತು. ಮರುವರ್ಷ ಬಿಡದೆ ಹೊಯ್ದು ಅರ್ಧ ಫಸಲು ಕೊಳೆ ರೋಗಕ್ಕೆ ಹೋಯಿತು. ಸಾಲ ಮಾಡಿ ಬೋರ್‌ವೆಲ್ ತೆಗೆಸಿ ಗದ್ದೆಗೂ ಅಡಿಕೆ ಹಾಕೋಣ ಅಂತಾನೆ ಮಗ. ಇನ್ನು ಮುಂದೆ ಮಳೆ ಜಾಸ್ತಿಯೋ ಕಡಿಮೆಯೋ ಗೊತ್ತಿಲ್ಲದೆ ಹೇಗೆ ತೀರ್ಮಾನ ಮಾಡೋದು?

ಉತ್ತರ: ಎರಡೂ ಬರುತ್ತದೆ ಅಂತಲೇ ಇಟ್ಟುಕೊಳ್ಳಿ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಜಾಸ್ತಿ ನೀರಾವಿ ಹಿಡಿಯಬಲ್ಲದು. ಸುರಿದರೆ ಜೋರು. ಮಳೆ ಬಿಟ್ಟ ದಿನಗಳಲ್ಲಿ ಅದೇ ಬಿಸಿ ಗಾಳಿ ಮಣ್ಣಿನ ಪಸೆಯನ್ನೂ ಬೇಗ ಎಳೆಯುತ್ತದೆ. 2023ರ ಆಗಸ್ಟ್ ದೇಶದಲ್ಲಿ 1901ರಿಂದ ಈಚೆಗೆ ಅತಿ ಒಣ ಆಗಸ್ಟ್. ಆಶ್ಲೇಷ ಮಳೆ ಹೊತ್ತಲ್ಲಿ ಬಿಸಿಲು ಕಾದಿದ್ದು ನೀವೇ ನೋಡಿದ್ದೀರಿ.

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ 'ಸಾಮಾನ್ಯ ಮುಂಗಾರು' ಅಂದರೆ ಇಡೀ ದೇಶದ ದೀರ್ಘಾವಧಿ ಸರಾಸರಿಯ ಶೇ 96ರಿಂದ 104 ಅಂತ ಅರ್ಥ. ನಿಮ್ಮ ಗುಡ್ಡದ ಮಾತಲ್ಲ ಅದು. ಅದನ್ನು ನಂಬಿ ಸಾಲ ಮಾಡಬೇಡಿ. ಐದು ದಿನದ ಮುನ್ಸೂಚನೆ ಬೇರೆ. ಔಷಧಿ ಹೊಡೆಸುವ ದಿನ ಗೊತ್ತು ಮಾಡಲು ಅದನ್ನು ನೋಡಲೇಬೇಕು.

ಮಳೆ ಬಂದರೂ ಬಿಟ್ಟರೂ ವ್ಯರ್ಥವಾಗದ ಕೆಲಸ ಮೊದಲು ಮಾಡಿ. ಬಸಿಗಾಲುವೆಯ ಹೂಳು ತೆಗೆಸಿ, ನೀರು ಬೇರಿನ ಮಟ್ಟಕ್ಕಿಂತ ಕೆಳಗೆ ಹರಿಯಲಿ. ಮಳೆಗಾಲ ಮುಗಿಯುತ್ತಲೇ ಬುಡಕ್ಕೆ ದರಗು (ಉದುರಿದ ಒಣ ಎಲೆ), ಸೊಪ್ಪು ಹೊದಿಸಿ. ತೋಟಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟ ಬೋಳಾದ ಕಡೆ ತೋಟವೂ ಸೊರಗಿದ್ದನ್ನು ನಾನು ನೋಡಿದ್ದೇನೆ, ದಯವಿಟ್ಟು ಬೆಟ್ಟ ಉಳಿಸಿಕೊಳ್ಳಿ.

ಕೊಳೆಗೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಮಳೆ ಹಿಡಿಯುವ ಮೊದಲೇ ಒಂದು ಸಲ ಹೊಡೆಸಿ, 40-45 ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತ ಒಂದು ಕೆಜಿ, ಸುಣ್ಣ ಒಂದು ಕೆಜಿ, ನೀರು 100 ಲೀಟರ್. ಬೇರೆ ಬೇರೆ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ. ಆಮೇಲೆ ಉಜ್ಜಿ ತೊಳೆದ ಕತ್ತಿಯ ತುದಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಕಬ್ಬಿಣಕ್ಕೆ ಕೆಂಪು ಹತ್ತಿತೋ, ಸುಣ್ಣ ಸಾಲದು. ಹಾಗೇ ಹೊಡೆದರೆ ಕಾಯಿ, ಎಲೆ ಸುಡುತ್ತದೆ. ಸುಣ್ಣದ ತಿಳಿ ಸೇರಿಸಿ ಮತ್ತೆ ಅದ್ದಿ ನೋಡಿ.

ಈಗ ಮಗನ ಮಾತು. ಭತ್ತದ ತೀರ್ಮಾನ ಒಂದು ಮಳೆಗಾಲದ್ದು, ತಪ್ಪಿದರೆ ಮುಂದಿನ ವರ್ಷ ತಿದ್ದಬಹುದು. ಅಡಿಕೆ ಸಸಿ ಫಸಲಿಗೆ ಬರಲು ಐದಾರು ವರ್ಷ ಬೇಕು, ಆಮೇಲೆ ದಶಕಗಟ್ಟಲೆ ಪ್ರತಿ ಬೇಸಿಗೆ ನೀರು ಕೇಳುತ್ತದೆ. ಲೆಕ್ಕ ಹಾಕಿ. ಎಕರೆಗೆ 550 ಮರ ಅಂದರೆ ಈಗಲೇ 1,100. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ 16 ಲೀಟರ್ ಹಿಡಿದರೂ 17,600 ಲೀಟರ್. ಗದ್ದೆಯೂ ಸೇರಿದರೆ 26,400. ಬತ್ತಿದ ಬೋರ್‌ವೆಲ್‌ಗೂ ಸಾಲದ ಕಂತು ನಿಲ್ಲುವುದಿಲ್ಲ ಅಲ್ವಾ? ಗದ್ದೆಗೆ ಅಡಿಕೆ ಹಾಕಲೇಬೇಕು ಅಂದರೆ ಕಾಲು ಎಕರೆಯಿಂದ ಶುರು ಮಾಡಿ.

ಹವಾಮಾನ ಆಧಾರಿತ ಬೆಳೆ ವಿಮೆ ಬಿಡಬೇಡಿ. ರೈತರ ಪಾಲು ವಿಮಾ ಮೊತ್ತದ ಶೇ 5. ಆದರೆ ಪರಿಹಾರ ಕೊಡುವುದು ಮಳೆಮಾಪನ ಕೇಂದ್ರದ ಲೆಕ್ಕ ನೋಡಿ, ನಿಮ್ಮ ತೋಟದ ಕೊಳೆ ನೋಡಿ ಅಲ್ಲ. ಅದೊಂದನ್ನೇ ನೆಚ್ಚಿಕೊಂಡು ಕೂರಬೇಡಿ.

ಮಗನಿಗೆ ಒಂದು ಕೆಲಸ ಹೇಳಿ. ಫೆಬ್ರುವರಿಯಿಂದ ಪ್ರತಿ ಭಾನುವಾರ ಬಾವಿಗೆ ಹಗ್ಗ ಇಳಿಬಿಟ್ಟು ನೀರಿನ ಮಟ್ಟ ಬರೆದಿಡಲಿ. ಮೇ ಕೊನೆಗೆ ಎಷ್ಟು ಉಳಿಯಿತು ಅಂತ ಇಬ್ಬರೂ ಕೂತು ನೋಡಿ, ಆಮೇಲೆ ಬೋರ್‌ವೆಲ್ ಮಾತು ತೆಗೆಯಿರಿ.